ಸಂತೋಷವೂ ಸ್ವಾಸ್ಥ್ಯವೂ
(ಶ್ರೀಮಠದ ಮಹೋತ್ಸವದ ನಿಮಿತ್ತ ರಾಂಪುರದಲ್ಲಿ ಮಾಡಿದ ಉಪನ್ಯಾಸ)

  

ಮನುಷ್ಯನಿಗೆ ಸಂತೋಷವು ಯಾವುದರಿಂದ ಉಂಟಾಗುತ್ತದೆ, ಉಂಟಾದ ಸಂತೋಷವು ಅವನ ದೇಹಕ್ಕೂ ಬಾಳಿಗೂ ಏನನ್ನು ಮಾಡುತ್ತದೆ ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಗಿದೆ. ವಿಷಯವು ಕೇಳುವುದಕ್ಕೆ ಹಗುರವಾದದ್ದು; ಹೇಳುವುದಕ್ಕೆ ಹಾಗಲ್ಲ. ಹದವಾಗಿ ಮಳೆ ಬಿದ್ದ ವರ್ಷ ಈ ಪ್ರಶ್ನೆಯನ್ನು ರಾಂಪುರದ ರೈತನ ಮುಂದಿಟ್ಟರೆ ಒಂದು ಉತ್ತರವೂ, ಶೇಂಗಾ ಹೂವಿನಲ್ಲಿಯೇ ಒಣಗಿಹೋದ ವರ್ಷ ಇಟ್ಟರೆ ಬೇರೊಂದು ಉತ್ತರವೂ ದೊರೆಯುವುವು. ಎರಡಕ್ಕೂ ಸಲ್ಲುವ ಮಾತನ್ನಾಡದಿದ್ದರೆ ಈ ನೆಲದಲ್ಲಿ ನಿಂತು ಉಪನ್ಯಾಸ ಮಾಡುವುದರಲ್ಲಿ ಅರ್ಥವಿಲ್ಲ.

ಇದೇ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಎಂಬ ಮೂರೆಡೆಗಳಲ್ಲಿ ಮೌರ್ಯ ಚಕ್ರವರ್ತಿಯಾದ ಅಶೋಕನ ಶಿಲಾಶಾಸನಗಳಿರುವುದು ತಮಗೆ ತಿಳಿದದ್ದೇ. ೧೮೯೨ರಲ್ಲಿ ಬಿ. ಎಲ್. ರೈಸ್ ಅವರು ಅವುಗಳನ್ನು ಬೆಳಕಿಗೆ ತಂದರು. ೧೯೪೭ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಬ್ರಹ್ಮಗಿರಿಯಲ್ಲಿ ಉತ್ಖನನವನ್ನು ನಡೆಸಿದರು. ಪಂಡಿತರು ಆ ಶಾಸನಗಳ ಲಿಪಿಯನ್ನೂ ಕಾಲವನ್ನೂ ಕುರಿತು ಬಹಳ ಚರ್ಚಿಸಿದ್ದಾರೆ. ನನ್ನ ಮನಸ್ಸನ್ನು ಹಿಡಿದದ್ದು ಅದರ ಆರಂಭದ ಒಂದು ಸಣ್ಣ ಸಂಗತಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲವೆಂಬ ಊರಿನ ಅಧಿಕಾರಿಗಳಿಗೆ ಚಕ್ರವರ್ತಿಯ ಆಜ್ಞೆಯನ್ನು ತಿಳಿಸುತ್ತಾರೆ. ಆದರೆ ಆಜ್ಞೆಯನ್ನು ಹೇಳುವುದಕ್ಕೆ ಮೊದಲು ಅವರ ಆರೋಗ್ಯವನ್ನು ವಿಚಾರಿಸುತ್ತಾರೆ. ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ನಮ್ಮ ನೆಲದ ಬಂಡೆಯ ಮೇಲೆ ಕೆತ್ತಿದ ಬರಹದ ಮೊದಲ ಮಾತು ಕ್ಷೇಮಸಮಾಚಾರವಾಗಿದೆ! ಇಂದಿಗೂ ನಮ್ಮ ಹಟ್ಟಿಗೆ ಬಂದವರನ್ನು ‘ಆರಾಮ ಇದ್ದೀರಾ’ ಎಂದು ಕೇಳಿದ ಮೇಲೆಯೇ ಅಲ್ಲವೇ ನಾವು ಸಾಲದ ಮಾತನ್ನೋ ಸಂಬಂಧದ ಮಾತನ್ನೋ ತೆಗೆಯುವುದು?

ಆ ಶಾಸನವು ಮುಂದೆ ಹೇಳುವ ವಿಷಯವೂ ನಮ್ಮ ಪ್ರಕೃತಕ್ಕೆ ಒದಗುವಂಥದೇ. ದೊಡ್ಡವರು ಮಾತ್ರವಲ್ಲ, ಸಣ್ಣವರೂ ಪ್ರಯತ್ನಪಟ್ಟರೆ ಸ್ವರ್ಗವನ್ನು ಪಡೆಯಬಲ್ಲರೆಂದು ಅದು ಸಾರುತ್ತದೆ. ತಂದೆತಾಯಿಗಳ ಮಾತನ್ನು ಕೇಳುವುದು, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಗುರುವಿನಲ್ಲಿ ಗೌರವ, ಬಂಧುಗಳೊಡನೆ ತಕ್ಕ ನಡತೆ ಇವುಗಳನ್ನು ವಿಧಿಸಿ, ಇದು ಪುರಾತನವಾದ ಕ್ರಮ, ಇದರಿಂದ ದೀರ್ಘಾಯುಷ್ಯವುಂಟು ಎಂದು ತಿಳಿಸುತ್ತದೆ. ಆಯುಷ್ಯಕ್ಕೂ ಮೂಲಿಕೆಗಳಿಗೂ ಇರುವ ಸಂಬಂಧವನ್ನು ವೈದ್ಯರು ಹೇಳಿಯಾರು. ಆಯುಷ್ಯಕ್ಕೂ ಬಂಧುಗಳೊಡನೆ ನಡೆದುಕೊಳ್ಳುವ ರೀತಿಗೂ ಏನು ಸಂಬಂಧ? ಈ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಮುಂದುವರಿಯೋಣ.

ನಮ್ಮ ಭಾಷೆಯಲ್ಲಿ ಸುಖವೆಂಬುದು ಒಂದು, ಸಂತೋಷವೆಂಬುದು ಒಂದು, ನೆಮ್ಮದಿಯೆಂಬುದು ಮತ್ತೊಂದು. ಸುಖವು ಇಂದ್ರಿಯಗಳಿಗೆ ಸೇರಿದ್ದು. ಬೇಸಗೆಯಲ್ಲಿ ತಣ್ಣೀರು ಕುಡಿದಂತೆ, ಗುಟುಕು ಇಳಿದೊಡನೆ ತೀರುವುದು. ಸಂತೋಷವು ತೃಪ್ತಿಯಿಂದ ಹುಟ್ಟುವುದು. ನೆಮ್ಮದಿಯ ಮಾತೇ ಬೇರೆ. ನೆಮ್ಮು ಎಂದರೆ ಒರಗು, ಆತುಕೊಳ್ಳು ಎಂದರ್ಥ. ಒರಗುವುದಕ್ಕೆ ಏನಾದರೂ ಇದ್ದವನಿಗೆ ನೆಮ್ಮದಿ. ಅದು ಗೋಡೆಯಾಗಬಹುದು, ಗುರುವಾಗಬಹುದು, ನೆರೆಮನೆಯವನ ಹೆಗಲಾಗಬಹುದು. ಮತ್ತೊಂದು ಶಬ್ದವನ್ನು ನೋಡಿ. ಸುಶ್ರುತಾಚಾರ್ಯರು ಆರೋಗ್ಯವಂತನ ಲಕ್ಷಣವನ್ನು ಹೇಳುವಾಗ ದೋಷ, ಅಗ್ನಿ, ಧಾತುಗಳ ಸಾಮ್ಯವನ್ನು ಮಾತ್ರ ಹೇಳಿ ಸುಮ್ಮನಾಗಲಿಲ್ಲ. ಆತ್ಮ, ಇಂದ್ರಿಯ, ಮನಸ್ಸುಗಳು ಪ್ರಸನ್ನವಾಗಿರಬೇಕೆಂದೂ ಸೇರಿಸಿದರು. ಆ ಪ್ರಸನ್ನತೆಯೂ ನಮ್ಮ ಅಷ್ಟಾವರಣದ ಪ್ರಸಾದವೂ ಒಂದೇ ಧಾತುವಿನಿಂದ ಹುಟ್ಟಿದ ಶಬ್ದಗಳು. ದಾಸೋಹದ ಪಂಕ್ತಿಯಲ್ಲಿ ಕೈಯೊಡ್ಡಿ ಸ್ವೀಕರಿಸುವ ಪ್ರಸಾದವು ಹೊಟ್ಟೆಯನ್ನು ತುಂಬಿಸುವುದಷ್ಟೇ ಅಲ್ಲ, ಮನಸ್ಸಿನ ಕದಡನ್ನೂ ತಿಳಿಗೊಳಿಸತಕ್ಕದ್ದೆಂಬ ಭಾವ ಆ ಶಬ್ದದಲ್ಲಿಯೇ ಅಡಗಿದೆ.

ಇದು ಶ್ರದ್ಧೆಯ ಮಾತಾಯಿತು, ಪ್ರಮಾಣವೇನು ಎಂದು ಇಲ್ಲಿರುವ ಕಾಲೇಜು ವಿದ್ಯಾರ್ಥಿಗಳು ಕೇಳುವರು, ಕೇಳಲೇಬೇಕು. ಅಮೆರಿಕಾ ದೇಶದಲ್ಲಿ ಕ್ರೈಸ್ತ ಸನ್ಯಾಸಿನಿಯರ ಮಠಗಳುಂಟು. ಅಲ್ಲಿ ೧೮೦ ಮಂದಿ ಸನ್ಯಾಸಿನಿಯರು ಇಪ್ಪತ್ತೆರಡರ ಆಸುಪಾಸಿನ ವಯಸ್ಸಿನಲ್ಲಿ ತಮ್ಮ ಜೀವನವೃತ್ತಾಂತವನ್ನು ತಾವೇ ಬರೆದಿಟ್ಟಿದ್ದರು. ಆರು ದಶಕಗಳ ತರುವಾಯ ಸಂಶೋಧಕರು ಆ ಕಾಗದಗಳನ್ನು ತೆಗೆದು, ಯಾರ ಬರಹದಲ್ಲಿ ಹರ್ಷ, ಕೃತಜ್ಞತೆ, ಭರವಸೆಗಳ ಮಾತು ಹೆಚ್ಚು, ಯಾರ ಬರಹದಲ್ಲಿ ಕಡಿಮೆ ಎಂದು ಎಣಿಸಿದರು. ೨೦೦೧ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ಹರ್ಷದ ಮಾತು ಹೆಚ್ಚಾಗಿದ್ದವರು ಉಳಿದವರಿಗಿಂತ ಹಲವು ವರ್ಷ ಹೆಚ್ಚು ಬದುಕಿದರು. ಇವರೆಲ್ಲರ ಊಟ ಒಂದೇ ಬಗೆ, ಉಡುಗೆ ಒಂದೇ ಬಗೆ, ವಸತಿ ಒಂದೇ ಬಗೆ. ಬಡತನ ಸಿರಿತನಗಳ ಭೇದವಿಲ್ಲ. ಮಠದ ಜೀವನವು ವಿಜ್ಞಾನಕ್ಕೆ ಹೀಗೂ ಉಪಯೋಗಕ್ಕೆ ಬಂದಿತೆಂದು ನಮ್ಮ ಶ್ರೀಗಳವರು ಸಂತೋಷಪಡಬಹುದು!

ಇನ್ನೊಂದು ಪ್ರಯೋಗ ೨೦೦೩ರಲ್ಲಿ ಪ್ರಕಟವಾದದ್ದು. ೩೩೪ ಮಂದಿ ಆರೋಗ್ಯವಂತರ ಮನೋಭಾವವನ್ನು ಮೊದಲು ಹಲವು ದಿನ ವಿಚಾರಿಸಿ ಬರೆದುಕೊಂಡು, ಅನಂತರ ಅವರ ಒಪ್ಪಿಗೆಯಿಂದಲೇ ಮೂಗಿಗೆ ನೆಗಡಿಯ ವಿಷಾಣುಗಳನ್ನು ಹನಿಸಿದರು. ಉಲ್ಲಾಸದ ಸ್ವಭಾವದವರಿಗೆ ನೆಗಡಿ ಹತ್ತಿದ್ದು ಕಡಿಮೆ.

ಆದರೆ ಒಂದು ಪಕ್ಷದ ಸಾಕ್ಷಿಯನ್ನೇ ಹೇಳಿ ಇನ್ನೊಂದನ್ನು ಮುಚ್ಚಿಡುವುದು ಈ ಪೀಠದ ಮುಂದೆ ಶೋಭಿಸದು. ಬ್ರಿಟನ್ನಿನಲ್ಲಿ ಏಳು ಲಕ್ಷಕ್ಕೂ ಮಿಕ್ಕಿದ ಸ್ತ್ರೀಯರನ್ನು ಸುಮಾರು ಹತ್ತು ವರ್ಷಗಳ ಕಾಲ ಅನುಸರಿಸಿದ ಸಮೀಕ್ಷೆಯೊಂದು ೨೦೧೫ರ ಕೊನೆಯಲ್ಲಿ ಪ್ರಕಟವಾಯಿತು. ಅದರ ತೀರ್ಮಾನ ಬೇರೆ. ದುಃಖಿಗಳು ಬೇಗ ಸಾಯುವಂತೆ ತೋರುವುದು ನಿಜ. ಆದರೆ ಅವರಿಗೆ ಮೊದಲೇ ಇದ್ದ ಕಾಯಿಲೆಗಳನ್ನು ಲೆಕ್ಕಕ್ಕೆ ಹಿಡಿದಾಗ, ದುಃಖವೊಂದೇ ಆಯುಷ್ಯವನ್ನು ಕಡಿದದ್ದು ಕಂಡುಬರಲಿಲ್ಲ. ರೋಗವು ಮನಸ್ಸನ್ನು ಕುಗ್ಗಿಸುವುದೇ ಹೆಚ್ಚು, ಕುಗ್ಗಿದ ಮನಸ್ಸು ರೋಗವನ್ನು ತರುವುದಕ್ಕಿಂತ. ಈ ಎರಡು ಬಗೆಯ ಫಲಿತಾಂಶಗಳೂ ಪೂರ್ತಿಯಾಗಿ ಹೊಂದಿಕೊಂಡಿಲ್ಲ. ನನ್ನ ಮಟ್ಟಿಗೆ ಇದರಿಂದ ತಿಳಿದುಬರುವುದು ಇಷ್ಟು: ಹಾಸಿಗೆ ಹಿಡಿದವರ ಬಳಿ ಕುಳಿತು ‘ನೀನು ನಗುನಗುತ್ತಾ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ’ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಅದು ಉಪದೇಶವಲ್ಲ, ಗಾಯಕ್ಕೆ ಉಪ್ಪು.

ಹಣದಿಂದ ಸಂತೋಷವುಂಟೇ ಎಂಬುದನ್ನು ಬೇಗ ಮುಗಿಸಿಬಿಡುತ್ತೇನೆ. ಅದನ್ನು ತಾವೇ ನನಗಿಂತ ಚೆನ್ನಾಗಿ ಬಲ್ಲಿರಿ. ಅಮೆರಿಕಾದಲ್ಲಿ ಲಾಟರಿಯಲ್ಲಿ ದೊಡ್ಡ ಬಹುಮಾನ ಗೆದ್ದ ೨೨ ಮಂದಿಯನ್ನು ಕುರಿತ ಒಂದು ಪರೀಕ್ಷೆ ೧೯೭೮ರಲ್ಲಿ ಪ್ರಕಟವಾಯಿತು. ಅವರು ತಮ್ಮ ನೆರೆಹೊರೆಯವರಿಗಿಂತ ಗಮನಾರ್ಹವಾಗಿ ಹೆಚ್ಚು ಸಂತೋಷದಿಂದಿರಲಿಲ್ಲ. ಮೇಲಾಗಿ, ಗೆಳೆಯನೊಡನೆ ಮಾತು, ಬೆಳಗಿನ ಉಪಾಹಾರ, ಇಂಥ ದಿನದಿನದ ಸಣ್ಣ ಸಂಗತಿಗಳಲ್ಲಿ ಅವರಿಗೆ ರುಚಿ ತಗ್ಗಿತ್ತು. ಮತ್ತೊಂದು ಕಡೆ, ೨೦೦೮ರಲ್ಲಿ, ಕೆಲವರಿಗೆ ಬೆಳಿಗ್ಗೆ ಅಷ್ಟಿಷ್ಟು ಹಣ ಕೊಟ್ಟು, ಅರ್ಧ ಮಂದಿಗೆ ನಿಮಗಾಗಿಯೇ ವೆಚ್ಚಮಾಡಿರೆಂದೂ ಉಳಿದವರಿಗೆ ಪರರಿಗಾಗಿ ವೆಚ್ಚಮಾಡಿರೆಂದೂ ಹೇಳಿದರು. ಸಂಜೆ ಹೆಚ್ಚು ಹರ್ಷದಿಂದಿದ್ದವರು ಪರರಿಗಾಗಿ ಕೊಟ್ಟವರೇ. ಕೊಟ್ಟ ಮೊತ್ತ ಹೆಚ್ಚೋ ಕಡಿಮೆಯೋ ಎಂಬುದರಿಂದ ವ್ಯತ್ಯಾಸವಾಗಲಿಲ್ಲ. ದಾಸೋಹವನ್ನು ಬಲ್ಲ ಜನಕ್ಕೆ ಇದರಲ್ಲಿ ಹೊಸದೇನಿದೆ?

ಈ ಸಂದರ್ಭದಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ನೆನೆಯದೆ ಮುಂದಕ್ಕೆ ಹೋಗಲಾರೆ. ಕಲ್ಯಾಣದ ಅಂಗಳಗಳಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ, ಅದರಿಂದ ಜಂಗಮದಾಸೋಹ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ, ಹೆಚ್ಚಾದುದನ್ನು ತಂದ ಎಡೆಯಲ್ಲಿಯೇ ಸುರಿದು ಬನ್ನಿರೆಂದು ಗಂಡನನ್ನು ಹಿಂದಿರುಗಿಸಿದರು. ಈ ಕಥೆಯನ್ನು ಬಡವನಿಗೆ ಬಡತನದಲ್ಲಿಯೇ ಇರು ಎಂದು ಹೇಳುವುದಕ್ಕೆ ಬಳಸುವವರನ್ನು ನೋಡಿದ್ದೇನೆ. ಅದು ಕಥೆಗೆ ಮಾಡುವ ಅಪಚಾರ. ಬೇಡವೆಂದವರು ಯಾರು? ಸಿರಿವಂತನಲ್ಲ, ಅರಸನಲ್ಲ; ಅಂದಂದಿನ ಅಕ್ಕಿಯನ್ನು ಅಂದಂದೇ ಆಯುವ ಮನೆಯ ಒಡತಿ. ಸಾಕೆಂಬ ಮಾತನ್ನು ಆಕೆ ತನ್ನ ಬಾಯಿಂದ ತಾನೇ ಆಡಿದಳು. ಒಬ್ಬರ ಪರವಾಗಿ ಇನ್ನೊಬ್ಬರು ‘ನಿನಗೆ ಇಷ್ಟು ಸಾಕು’ ಎಂದರೆ ಅದು ತೃಪ್ತಿಯಲ್ಲ, ದಬ್ಬಾಳಿಕೆ.

ಏಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ನಮ್ಮ ಚಳ್ಳಕೆರೆ, ಮೊಳಕಾಲ್ಮೂರು ಸೀಮೆ ರಾಜ್ಯದಲ್ಲಿಯೇ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ೨೦೧೫ನೆಯ ಒಂದೇ ವರ್ಷದಲ್ಲಿ ಕರ್ನಾಟಕದಲ್ಲಿ ಸಾವಿರಕ್ಕೂ ಮಿಕ್ಕಿ ರೈತರು ಆತ್ಮಹತ್ಯೆ ಮಾಡಿಕೊಂಡರೆಂಬುದು ಸರ್ಕಾರದ ದಾಖಲೆಯಲ್ಲಿಯೇ ಇದೆ. ಆ ಮನೆಗಳ ಮುಂದೆ ನಿಂತು ಸಂತೋಷವೆಂಬುದು ಮನಸ್ಸಿನ ಸಂಗತಿ ಮಾತ್ರವೆಂದು ಹೇಳಲು ಯಾರಿಗೆ ನಾಲಗೆ ಏಳುತ್ತದೆ? ಕೊಳವೆಬಾವಿಯಲ್ಲಿ ನೀರಿನ ಬದಲು ಧೂಳು ಬಂದ ದಿನ, ಬಡ್ಡಿಯವನು ಬಾಗಿಲಿಗೆ ಬಂದ ದಿನ, ಮನಸ್ಸಿಗೆ ಬೇಕಾದದ್ದು ಉಪನ್ಯಾಸವಲ್ಲ. ನಮ್ಮ ತಾಲ್ಲೂಕಿನ ರೇಷ್ಮೆ ಸೀರೆಗೆ ೨೦೧೧ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಜೇಡರ ದಾಸಿಮಯ್ಯನವರ ಕಾಯಕವೂ ನೇಯ್ಗೆಯೇ ಆಗಿತ್ತೆಂಬ ಹೆಮ್ಮೆ ನಮಗಿದೆ. ಗುಂಡಿಮಗ್ಗದಲ್ಲಿ ಕುಳಿತು ಹಾಸುಹೊಕ್ಕುಗಳಲ್ಲಿ ಮೈಮರೆತ ನೇಕಾರನಿಗೆ ಹೊತ್ತು ಹೋದದ್ದೇ ತಿಳಿಯದು. ಕೆಲಸದಲ್ಲಿ ಹೀಗೆ ಲೀನವಾಗುವುದನ್ನು ಇಂದಿನ ಮನಶ್ಶಾಸ್ತ್ರಜ್ಞರು ಸಂತೋಷದ ದೊಡ್ಡ ಮೂಲವೆಂದು ಎಣಿಸುತ್ತಾರೆ. ನಿಜವೇ. ಆದರೆ ಸೀರೆ ಇಳಿಸಿದ ಮೇಲೆ ಕೂಲಿ ಸರಿಯಾಗಿ ಕೈಗೆ ಬಾರದಿದ್ದರೆ ಆ ಲೀನತೆ ಎಷ್ಟು ದಿನ ನಿಂತೀತು?

ಇದನ್ನು ನಮ್ಮ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಎಂದೋ ತಿಳಿದಿದ್ದರು. ಅವರು ಈ ಬರಡು ಸೀಮೆಯಲ್ಲಿ ಮೊದಲು ಮಾಡಿಸಿದ ಕಾರ್ಯವೆಂದರೆ ಕೆರೆ ಕಟ್ಟಿಸುವುದು. ಕೆರೆಯ ಕೆಲಸಕ್ಕೆ ಬಂದವರು ಸಂಜೆ ಮರಳಿನ ಗುಡ್ಡೆ ಮಾಡಿಕೊಳ್ಳಬೇಕು, ಅವರವರು ದುಡಿದಷ್ಟು ಕೂಲಿ ಅವರವರ ಗುಡ್ಡೆಯಲ್ಲಿ ದೊರೆಯುತ್ತಿತ್ತು ಎಂದು ಐತಿಹ್ಯ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತನ್ನು ನಮ್ಮ ಮಕ್ಕಳೂ ಬಲ್ಲರು. ಪವಾಡದ ಭಾಗವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ದುಡಿತಕ್ಕೆ ಮೋಸವಿಲ್ಲದ ಕೂಲಿ, ಊರಿಗೆ ನೀರು, ಇವೆರಡನ್ನೂ ಒಬ್ಬ ಶಿವಯೋಗಿಯು ತನ್ನ ಧರ್ಮಕಾರ್ಯವೆಂದು ತಿಳಿದದ್ದರಲ್ಲಿ ಪವಾಡಕ್ಕಿಂತ ದೊಡ್ಡದು ಅಡಗಿದೆ. ೧೯೩೩ರ ತರುವಾಯ ೨೦೨೨ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರವು ಕೋಡಿ ಬಿದ್ದಾಗ, ಎಂಬತ್ತೊಂಬತ್ತು ವರ್ಷ ಕಾಣದಿದ್ದ ಆ ನೀರನ್ನು ನೋಡಲು ಜಿಲ್ಲೆಗೆ ಜಿಲ್ಲೆಯೇ ಹರಿದುಹೋಯಿತು. ಮುದುಕರು ಮಕ್ಕಳಂತೆ ನಿಂತು ನೋಡಿದರು. ಅವರಲ್ಲಿ ಎಷ್ಟೋ ಮಂದಿಗೆ ಆ ನೀರಿನಿಂದ ಒಂದು ಗುಂಟೆಯೂ ನೆನೆಯುವಂತಿರಲಿಲ್ಲ. ಊರಿನವರೆಲ್ಲರೂ ಕೂಡಿ ಹಿಗ್ಗುವ ಆ ಹಿಗ್ಗನ್ನು ಒಬ್ಬನೇ ಮನೆಯಲ್ಲಿ ಕುಳಿತು ಪಡೆಯಲಾಗದು.

ಕೊನೆಯದಾಗಿ ಅಶೋಕನ ಶಾಸನದ ಆ ಪ್ರಶ್ನೆಗೆ ಬರುತ್ತೇನೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ೧೯೩೮ರಿಂದ ಮೊದಲ್ಗೊಂಡು ೨೬೮ ಮಂದಿ ವಿದ್ಯಾರ್ಥಿಗಳನ್ನು ಆರಿಸಿ, ಅವರ ಜೀವಮಾನವಿಡೀ ದೇಹವನ್ನೂ ಮನಸ್ಸನ್ನೂ ಪರೀಕ್ಷಿಸುತ್ತಾ ಬಂದರು. ಬಾಸ್ಟನ್ ನಗರದ ಬಡ ಕೇರಿಗಳ ಹುಡುಗರನ್ನು ಕುರಿತ ಮತ್ತೊಂದು ಅಧ್ಯಯನವೂ ಅದರೊಡನೆ ಕೂಡಿತು. ಎಂಬತ್ತಕ್ಕೂ ಮಿಕ್ಕಿದ ವರ್ಷಗಳ ಆ ಶೋಧನೆಯಲ್ಲಿ ಎದ್ದು ಕಂಡದ್ದು, ಮುಪ್ಪಿನಲ್ಲಿ ಆರೋಗ್ಯದಿಂದಲೂ ನೆಮ್ಮದಿಯಿಂದಲೂ ಇದ್ದವರು ಹಣ, ಕೀರ್ತಿ ಗಳಿಸಿದವರಲ್ಲ, ಹತ್ತಿರದವರೊಡನೆ ಬೆಚ್ಚಗಿನ ಬಾಂಧವ್ಯವನ್ನು ಉಳಿಸಿಕೊಂಡವರು ಎಂಬುದು. ಬಂಧುಗಳೊಡನೆ ತಕ್ಕಂತೆ ನಡೆದರೆ ಆಯುಷ್ಯವುಂಟೆಂದು ಬ್ರಹ್ಮಗಿರಿಯ ಬಂಡೆಯು ಹೇಳಿದ್ದನ್ನು ಹಾರ್ವರ್ಡಿನವರು ಬಹಳ ವೆಚ್ಚಮಾಡಿ ಕಂಡುಕೊಂಡರು.

ಹಾಗಾದರೆ ನಮ್ಮ ಊರುಗಳ ಸ್ಥಿತಿಯೇನು? ಮಕ್ಕಳು ಬಳ್ಳಾರಿಗೋ ಬೆಂಗಳೂರಿಗೋ ದುಡಿಯಲು ಹೋಗಿದ್ದಾರೆ. ಹೋಗದೆ ಗತಿಯಿಲ್ಲ, ಅವರನ್ನು ನಿಂದಿಸುವುದು ಬೇಡ. ಹಿಂದುಳಿದ ಮನೆಯಲ್ಲಿ ಒಬ್ಬ ಅಜ್ಜಿ, ಒಂದು ಎಮ್ಮೆ, ಒಂದು ಮೊಬೈಲು. ತಿಂಗಳಿಗೆ ದುಡ್ಡು ಬರುತ್ತದೆ, ಮಾತನಾಡಿಸುವವರಿಲ್ಲ. ಆಕೆಗೆ ಹೊಟ್ಟೆಗಿದೆ, ನೆಮ್ಮುವುದಕ್ಕೆ ಹೆಗಲಿಲ್ಲ. ಮಹೋತ್ಸವದ ಈ ದಿನಗಳಲ್ಲಿ ಶ್ರೀಮಠದ ದಾಸೋಹದಲ್ಲಿ ಸಾವಿರಾರು ಮಂದಿ ಪ್ರಸಾದ ಸ್ವೀಕರಿಸುತ್ತಿದ್ದಾರೆ. ಉತ್ಸವ ಮುಗಿದು ಚಪ್ಪರ ಬಿಚ್ಚಿದ ಮೇಲೆ, ಪ್ರತಿ ಸೋಮವಾರವಾದರೂ, ಒಂಟಿಯಾಗಿ ಉಣ್ಣುವ ಇಂಥ ಮುದುಕರನ್ನು ಕೈಹಿಡಿದು ಕರೆತಂದು ಪಂಕ್ತಿಯಲ್ಲಿ ಕೂರಿಸಿ ಅವರೊಡನೆ ಊಟ ಮಾಡುವ ಒಂದು ಏರ್ಪಾಡನ್ನು ನಮ್ಮ ತರುಣರು ಕೈಗೊಳ್ಳಬಾರದೇ? ನಡೆಯಲಾರದವರ ಮನೆಗೆ ಬುತ್ತಿಯನ್ನು ಒಯ್ಯಲಿ. ಬುತ್ತಿಯನ್ನು ಬಾಗಿಲಲ್ಲಿಟ್ಟು ಓಡಿಬಾರದೆ ಕುಳಿತು ಬರಲಿ. ಸಾಲದ ಭಾರದಿಂದ ಮಾತು ನಿಲ್ಲಿಸಿದ ರೈತನ ಮನೆಯ ಗುರುತೂ ನೆರೆಯವರಿಗೇ ಮೊದಲು ಹತ್ತುವುದು. ಅಂಥವನನ್ನು ಶ್ರೀಗಳವರ ಬಳಿಗೂ, ತಡಮಾಡದೆ ಸರ್ಕಾರಿ ಆಸ್ಪತ್ರೆಯ ವೈದ್ಯರ ಬಳಿಗೂ ಕರೆದೊಯ್ಯುವ ಹೊಣೆಯನ್ನು ಓಣಿಗೊಬ್ಬರಾದರೂ ಹೊರಲಿ. ಹೆಸರು ಕೊಡಲು ಇಚ್ಛೆಯುಳ್ಳವರು ಈ ಸಭೆ ಮುಗಿದೊಡನೆ ದಾಸೋಹ ಮಂಟಪದ ಬಳಿ ಬಂದರೆ, ನಾನೂ ಅಲ್ಲಿಯೇ ಕಾಗದ ಹಿಡಿದು ಕುಳಿತಿರುತ್ತೇನೆ.