ಕುಬಸಕ್ಕಿಂತ ಮೊದಲೇ ಆಗಬೇಕಾದ ಆರೈಕೆ

(ಗರ್ಭಿಣಿಯರು ಹಾಗೂ ಅವರ ಮನೆಯವರಿಗಾಗಿ ನೀಡಿದ ಉಪನ್ಯಾಸ)



ನಮ್ಮ ಜೋರಾಪುರ ಪೇಟೆಯಿರಲಿ, ತಿಕೋಟಾ, ಬಬಲೇಶ್ವರದ ಹಳ್ಳಿಗಳಿರಲಿ, ಬಸುರಿಗೆ ಕುಬಸ ಮಾಡಿ ಬಯಕೆಯ ಊಟ ಉಣಿಸುತ್ತೇವೆ. ಒಳ್ಳೆಯ ಪದ್ಧತಿ. ಆದರೆ ಅಷ್ಟರಲ್ಲಿ ಐದೋ ಏಳೋ ತಿಂಗಳು ಕಳೆದಿರುತ್ತವೆ. ಮಗುವಿನ ಮೆದುಳು, ಬೆನ್ನುಹುರಿ ರೂಪುಗೊಳ್ಳುವ ನಾಳವು ಗರ್ಭ ನಿಂತ ಸುಮಾರು 28 ದಿನಗಳಲ್ಲೇ ಮುಚ್ಚಿಕೊಳ್ಳುತ್ತದೆ. ಆಗ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿ ಎಂಬುದೇ ಗೊತ್ತಿರುವುದಿಲ್ಲ.

ಆ ನಾಳ ಸರಿಯಾಗಿ ಮುಚ್ಚಲು ಫೋಲಿಕ್ ಆಮ್ಲ ಎಂಬ ವಿಟಮಿನ್ ಬೇಕು. ಅದು ಕಡಿಮೆಯಾದರೆ ಮಗು ಬೆನ್ನಿನ ಮೇಲೆ ಗಂಟಿನೊಡನೆ ಹುಟ್ಟಬಹುದು. ಕಾಲಲ್ಲಿ ಬಲವಿಲ್ಲದೆ, ಮೂತ್ರದ ಮೇಲೆ ಹಿಡಿತವಿಲ್ಲದೆ ಬಳಲಬಹುದು. ತಲೆಬುರುಡೆಯೇ ಬೆಳೆಯದ ಕೂಸು ಬದುಕುವುದಿಲ್ಲ. ಇದು ಗ್ರಹಣದ ದೋಷವಲ್ಲ, ಸೊಸೆಯ ದೋಷವೂ ಅಲ್ಲ. ಇಂಥ ಮಗು ಹೆತ್ತಿದ್ದ ತಾಯಂದಿರಿಗೆ ಮುಂದಿನ ಬಸುರಿಗೆ ಮೊದಲೇ ಫೋಲಿಕ್ ಆಮ್ಲ ಕೊಟ್ಟಾಗ ನೂರಕ್ಕೆ ಸುಮಾರು 72 ಪ್ರಕರಣ ತಪ್ಪಿದವೆಂದು 1991ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಈ ವಿಟಮಿನ್ನಿನ ಕಥೆಗೂ ನಮ್ಮ ಕಡೆಗೂ ನಂಟಿದೆ. ವಿಜಯಪುರ ಮುಂಬಯಿ ಪ್ರಾಂತದಲ್ಲಿದ್ದ ಕಾಲ. 1928ರಲ್ಲಿ ಮುಂಬಯಿಗೆ ಬಂದ ಲೂಸಿ ವಿಲ್ಸ್ ಎಂಬ ವೈದ್ಯೆ, ಬಟ್ಟೆ ಗಿರಣಿಯ ಬಡ ಗರ್ಭಿಣಿಯರ ರಕ್ತಹೀನತೆಯು ಯೀಸ್ಟಿನ ಸಾರದಿಂದ ವಾಸಿಯಾಗುವುದನ್ನು ಕಂಡರು. ಅದರಲ್ಲಿದ್ದ ಸತ್ವವೇ ಇದು. 1941ರಲ್ಲಿ ಪಾಲಕ ಸೊಪ್ಪಿನಿಂದ ಬೇರ್ಪಡಿಸಿದಾಗ ‘ಎಲೆ’ ಎಂಬ ಅರ್ಥದ ಲ್ಯಾಟಿನ್ ಪದದಿಂದ ಇದಕ್ಕೆ ಹೆಸರಿಟ್ಟರು.

ನೀವು ಮಾಡಬೇಕಾದದ್ದು ಇಷ್ಟು:

1. ಮಗು ಬೇಕೆಂದು ನಿರ್ಧರಿಸಿದಾಗಲೇ ವೈದ್ಯರನ್ನು ಕಾಣಿರಿ. ಗರ್ಭ ನಿಲ್ಲುವ ಒಂದು ತಿಂಗಳಾದರೂ ಮೊದಲಿನಿಂದ ಮೂರು ತಿಂಗಳು ತುಂಬುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಸೇವಿಸಿರಿ. ಹಿಂದೆ ಇಂಥ ಮಗು ಹುಟ್ಟಿದ್ದರೆ, ಮೂರ್ಛೆರೋಗದ ಔಷಧಿ ನಡೆದಿದ್ದರೆ ತಪ್ಪದೆ ತಿಳಿಸಿರಿ, ಪ್ರಮಾಣ ಬೇರೆಯಾಗುತ್ತದೆ.

2. ನಾಲ್ಕನೆಯ ತಿಂಗಳಿಂದ ಕಬ್ಬಿಣಾಂಶವಿರುವ ಕೆಂಪು ಗುಳಿಗೆಯನ್ನು 180 ದಿನ, ಹೆರಿಗೆಯ ನಂತರವೂ 180 ದಿನ ನುಂಗಿರಿ. ಚಹಾದ ಜೊತೆ ಬೇಡ. ಮಲ ಕಪ್ಪಾದರೆ ಹೆದರಬೇಡಿ. ಗುಳಿಗೆಯಿಂದ ಕೂಸು ಕಪ್ಪಾಗುವುದಿಲ್ಲ.

3. ಮೆಂತ್ಯೆ, ಪಾಲಕ, ಹೆಸರುಕಾಳು, ಶೇಂಗಾ ದಿನವೂ ಊಟದಲ್ಲಿರಲಿ. ಸೊಪ್ಪನ್ನು ಬಹಳ ಹೊತ್ತು ಬೇಯಿಸಬೇಡಿ, ಬೇಯಿಸಿದ ನೀರು ಚೆಲ್ಲಬೇಡಿ.

4. ಶಾಕಾಹಾರಿಗಳು ಬಿ-12 ವಿಟಮಿನ್ ಮರೆಯಬಾರದು. ರೊಟ್ಟಿ, ಕಾಳು, ಪಲ್ಯ ಎಷ್ಟು ಉಂಡರೂ ಅದು ಸಿಗುವುದಿಲ್ಲ. ನಮಗೆ ಅದು ಹಾಲು, ಮೊಸರಿನಿಂದಲೇ ಬರಬೇಕು. ಸುಸ್ತು, ಕೈಕಾಲು ಜೋಮು, ನಾಲಿಗೆ ಉರಿ ಇದ್ದರೆ ರಕ್ತ ಪರೀಕ್ಷೆ ಮಾಡಿಸಿರಿ.

5. ಯಾವ ವಿಟಮಿನ್ ಗುಳಿಗೆಯನ್ನೂ ನೀವಾಗಿ ತಂದು ನುಂಗಬೇಡಿ. ‘ಎ’ ವಿಟಮಿನ್ ಅತಿಯಾದರೆ ಭ್ರೂಣಕ್ಕೆ ಕೇಡು.

ಕೊನೆಯದಾಗಿ ಅತ್ತೆಯವರಿಗೊಂದು ಮಾತು. ಮನೆಯಲ್ಲಿ ಎಮ್ಮೆ ಇದ್ದರೂ ಹಾಲೆಲ್ಲ ಡೇರಿಗೆ ಹೋಗಿ, ಉಳಿದದ್ದು ಚಹಾಕ್ಕೆ ಮುಗಿಯುತ್ತದೆ. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವ ಸೊಸೆಯ ತಾಟಿಗೆ ಮೊಸರು ಬರುವುದೇ ಇಲ್ಲ. ಮೊದಲು ಅವಳ ಪಾಲಿನ ಒಂದು ವಾಟಿ ತೆಗೆದಿಡಿರಿ, ತಾಯೀ. ಅದು ನಿಮ್ಮ ಮೊಮ್ಮಗುವಿನ ಪಾಲೂ ಹೌದು.