ಹಿತಚಿಂತಕ ಮುದ್ರಣಾಲಯದ ಮೊಳೆ ಜೋಡಿಸುವವರು

(ಬಸವಾಪಟ್ಟಣದ ಭಕ್ತಸಭೆಯಲ್ಲಿ ಮಾಡಿದ ಉಪನ್ಯಾಸ)



ವಚನಶಾಸ್ತ್ರದ ಪುನರುದ್ಧಾರವೆಂದೊಡನೆ ವಿಜಾಪುರದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ನಾಮವು ತಮ್ಮೆಲ್ಲರ ಸ್ಮರಣೆಗೆ ಬರುವುದು. ವಕೀಲಿ ವೃತ್ತಿಯಲ್ಲಿದ್ದ ಆ ಮಹನೀಯರು ಓಲೆಗರಿಗಳನ್ನು ಅರಸಿ ಸಂಗ್ರಹಿಸಿ 1923ರಲ್ಲಿ ವಚನಶಾಸ್ತ್ರಸಾರದ ಪ್ರಥಮ ಭಾಗವನ್ನು ಬೆಳಕಿಗೆ ತಂದರು. 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಮರುವರ್ಷ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಈ ಕಾರ್ಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಇದೆಲ್ಲವೂ ತಮಗೆ ವಿದಿತವೇ. ಆದರೆ ಓಲೆಗರಿಗೂ ಓದುಗನಿಗೂ ನಡುವೆ ನಿಂತು ದುಡಿದವನ ವಿಚಾರವು ಅಪರೂಪವಾಗಿ ಕೇಳಿಬರುವುದು.

ಕೈಯಿಂದ ಮೊಳೆ ಜೋಡಿಸುವ ಮುದ್ರಣಾಲಯಗಳಲ್ಲಿ ಕೆಲಸದ ಕ್ರಮವು ಹೀಗಿದ್ದಿತು. ಸಣ್ಣ ಸಣ್ಣ ಮನೆಗಳುಳ್ಳ ಮರದ ಪೆಟ್ಟಿಗೆಯ ಮುಂದೆ ನಿಂತು, ಒಂದೊಂದೇ ಸೀಸದ ಮೊಳೆಯನ್ನು ಆರಿಸಿ ಸಾಲುಗೂಡಿಸಬೇಕು. ಮೊಳೆಯ ಮೇಲಿನ ಅಕ್ಷರವು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಕನ್ನಡಕ್ಕಾದರೋ ಗುಣಿತಗಳೂ ಒತ್ತಕ್ಷರಗಳೂ ಸೇರಿ ಮನೆಗಳ ಸಂಖ್ಯೆ ಬಹಳ. ವಚನಗಳಲ್ಲಿ ಒಂದೇ ಅಂಕಿತವು ಪುಟಪುಟಕ್ಕೂ ಬರುತ್ತಿರಲು ಆ ಅಕ್ಷರಗಳ ಮನೆಯು ಬೇಗನೆ ಬರಿದಾಗುವುದು. ಅಚ್ಚಾದ ಪುಟವನ್ನು ಬಿಚ್ಚಿ ಮೊಳೆಗಳನ್ನು ಮರಳಿ ತುಂಬಿದ ಹೊರತು ಮುಂದಿನ ಪುಟವು ಸಾಗದು.

ಇದಕ್ಕಿಂತ ಸೂಕ್ಷ್ಮವಾದುದೊಂದಿದೆ. 'ಕೂಡಲಸಂಗಮದೇವ' ಎಂಬುದು ಬಸವಣ್ಣನವರ ಅಂಕಿತ. 'ಕೂಡಲಚೆನ್ನಸಂಗಮದೇವ' ಎಂಬುದು ಚೆನ್ನಬಸವಣ್ಣನವರದು. ಸಂಜೆಯ ದಣಿವಿನಲ್ಲಿ 'ಚೆನ್ನ' ಎಂಬುದೊಂದು ಜಾರಿಹೋದರೆ ಅಳಿಯನ ವಚನವು ಮಾವನದಾಗುವುದು! ಕರಡು ತಿದ್ದುವವರ ಕಣ್ಣಿಗೂ ತಪ್ಪಿದರೆ ಅದೇ ಮುಂದೆ ಪ್ರಮಾಣವಾಗಿ ನಿಲ್ಲುವುದು. ಇಂತಹ ಹೊಣೆಯನ್ನು ಹೊತ್ತವನ ಹೆಸರನ್ನು ಗ್ರಂಥದಲ್ಲಿ ಅಚ್ಚುಹಾಕುವ ಪದ್ಧತಿಯು ಮಾತ್ರ ನಮ್ಮಲ್ಲಿ ಬೆಳೆಯಲಿಲ್ಲ.

ಧ್ಯೇಯವುಳ್ಳ ಸಂಸ್ಥೆಗಳಲ್ಲಿ ದುಡಿಯುವವರಿಗೆ ಇನ್ನೊಂದು ಇಕ್ಕಟ್ಟುಂಟು. ಇದು ಹಳಕಟ್ಟಿಯವರನ್ನು ಕುರಿತ ಮಾತಲ್ಲ, ಎಲ್ಲ ಧರ್ಮಕಾರ್ಯಗಳಿಗೂ ಸಲ್ಲುವ ಮಾತು. ಯಜಮಾನನು ತನ್ನ ಸರ್ವಸ್ವವನ್ನೂ ತೆತ್ತಿರುವಾಗ ಆಳು ಕೂಲಿಯನ್ನು ಕೇಳಲು ನಾಚುವನು. ಯಜಮಾನನು ಮನೆ ಮಾರಿದ ಮಾತ್ರಕ್ಕೆ ಆಳಿನ ಮನೆಯ ಒಲೆ ಉರಿದೀತೇ? ತನ್ನ ಕಾಯಕದ ಫಲವನ್ನು ತಾನಾಗಿ ಅರ್ಪಿಸುವುದು ದಾಸೋಹ; ಪರರ ಕೂಲಿಯನ್ನು ತಡೆಹಿಡಿದು ಅದಕ್ಕೆ ಸೇವೆಯೆಂದು ಹೆಸರಿಡುವುದು ದಾಸೋಹವಲ್ಲ. ಮಠಮಾನ್ಯಗಳ ಲೆಕ್ಕ ಬರೆಯುವವರು ಇದನ್ನು ಮರೆಯಲಾಗದು.

ಹಳಕಟ್ಟಿಯವರು 1964ರಲ್ಲಿ ಲಿಂಗೈಕ್ಯರಾದರು. ಸೀಸದ ಮೊಳೆಗಳ ಕಾಲವೂ ಕಳೆಯಿತು. ಈಗ ವಚನಗಳನ್ನು ಗಣಕಯಂತ್ರದಲ್ಲಿ ಅಕ್ಷರಕ್ಕಿಳಿಸುವವರಿಗೆ ಮೊಳೆ ಮುಗಿಯುವ ಚಿಂತೆಯಿಲ್ಲ. 'ಚೆನ್ನ' ಎಂಬುದನ್ನು ಮಾತ್ರ ಈಗಲೂ ಕಣ್ಣಿಟ್ಟು ನೋಡಿಯೇ ಹಾಕಬೇಕಾಗಿದೆ.