ಲಿಂಕನ್ನನ ಪೂರ್ವಿಕರು

ಅಮೆರಿಕದ ಸಂಯುಕ್ತ ಸಂಸ್ಥಾನಗಳ ಅಧ್ಯಕ್ಷನಾಗಿದ್ದ ಅಬ್ರಹಾಂ ಲಿಂಕನ್ನನ ಹೆಸರನ್ನು ಕೇಳದ ವಿದ್ಯಾವಂತರು ನಮ್ಮಲ್ಲಿ ವಿರಳ. ಆತನು ಮರದ ದಿಮ್ಮಿಗಳ ಗುಡಿಸಲಿನಲ್ಲಿ ಹುಟ್ಟಿದನೆಂಬುದನ್ನೂ ಗುಲಾಮರ ಬಿಡುಗಡೆಯನ್ನು ಸಾರಿದನೆಂಬುದನ್ನೂ ಶಾಲೆಯ ಮಕ್ಕಳು ಕೂಡ ಬಲ್ಲರು. ಆದರೆ ತನ್ನ ತಾತನಿಂದ ಆಚೆಗೆ ತನ್ನ ಮನೆತನದ ವಿಚಾರವೊಂದೂ ಆತನಿಗೆ ನಿಶ್ಚಯವಾಗಿ ತಿಳಿದಿರಲಿಲ್ಲವೆಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ತಿಳಿಯಬೇಕೆಂದು ಬಯಸಿದನು, ಕಾಗದ ಬರೆದು ವಿಚಾರಿಸಿದನು, ತಿಳಿಯದೆಯೇ 1865ರಲ್ಲಿ ತೀರಿಹೋದನು. ಆತನಿಗೆ ದೊರೆಯದ ಉತ್ತರ ಅನಂತರದವರಿಗೆ ಹೇಗೆ ದೊರೆಯಿತು, ಎಷ್ಟರಮಟ್ಟಿಗೆ ದೊರೆಯಿತು ಎಂಬುದನ್ನು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

1848ನೆಯ ಇಸವಿಯ ಮಾರ್ಚಿ ತಿಂಗಳು. ಲಿಂಕನ್ನನು ಕಾಂಗ್ರೆಸ್ಸಿನ ಹೊಸ ಸದಸ್ಯನಾಗಿ ರಾಜಧಾನಿಯಲ್ಲಿದ್ದನು. ಮಸಾಚುಸೆಟ್ಸ್ ಸಂಸ್ಥಾನದ ಹಿಂಗಂ ಎಂಬ ಊರಿನಿಂದ ಆತನಿಗೊಂದು ಕಾಗದ ಬಂದಿತು. ಬರೆದವನ ಹೆಸರೂ ಲಿಂಕನ್ನೇ: ಸಾಲೊಮನ್ ಲಿಂಕನ್. ತನ್ನ ಊರಿನ ಚರಿತ್ರೆಯನ್ನು 1827ರಲ್ಲಿಯೇ ಅಚ್ಚು ಹಾಕಿಸಿದ್ದವನು. ಹಿಂಗಮಿನಲ್ಲಿ ಲಿಂಕನ್ ಎಂಬ ಹೆಸರಿನ ಮನೆಗಳು ಎರಡು ನೂರು ವರ್ಷಗಳಿಂದ ಇದ್ದುದರಿಂದ, ಪಶ್ಚಿಮದಿಂದ ಬಂದ ಈ ಹೊಸ ಲಿಂಕನ್ ಯಾರ ಕಡೆಯವನೆಂದು ತಿಳಿಯುವ ಕುತೂಹಲ ಅವನಿಗೆ ಹುಟ್ಟಿತು. ಲಿಂಕನ್ನನು ಕೊಟ್ಟ ಉತ್ತರ ನಮಗೆ ಉಳಿದು ಬಂದಿದೆ. ತಂದೆಯ ಹೆಸರು ಥಾಮಸ್. ತಾತನ ಹೆಸರು ತನ್ನದೇ, ಅಬ್ರಹಾಂ. ತಾತನು ವರ್ಜೀನಿಯದ ರಾಕಿಂಗ್‌ಹ್ಯಾಮ್ ಕೌಂಟಿಯಿಂದ 1782ರ ಸುಮಾರಿಗೆ ಕೆಂಟಕಿಗೆ ಬಂದು, ಎರಡು ವರ್ಷಗಳ ಮೇಲೆ ಇಂಡಿಯನ್ನರ ಕೈಯಲ್ಲಿ ಹತನಾದನು. ಮುತ್ತಾತನು ಪೆನ್ಸಿಲ್ವೇನಿಯದಿಂದ ವರ್ಜೀನಿಯಕ್ಕೆ ಬಂದವನೆಂದೂ ಕ್ವೇಕರ್ ಪಂಥದವನೆಂದೂ ಮನೆಯಲ್ಲಿ ಅಸ್ಪಷ್ಟವಾದ ಒಂದು ಹೇಳಿಕೆಯುಂಟು. ಇದಕ್ಕಿಂತ ಹೆಚ್ಚಾಗಿ ತಿಳಿಯದು. ತಿಳಿಯದಿರುವುದಕ್ಕೆ ಕಾರಣವನ್ನೂ ಆತನೇ ಊಹಿಸಿದ್ದಾನೆ: ತಂದೆಯು ಎಳವೆಯಲ್ಲಿಯೇ ತಬ್ಬಲಿಯಾಗಿ, ಬಡತನದಲ್ಲಿ ಬೆಳೆದು, ಓದುಬರೆಹವಿಲ್ಲದವನಾದನು.

ಗಡಿನಾಡಿನ ಸಂಸಾರಗಳ ವಂಶಾವಳಿಯ ತೊಡಕೆಲ್ಲ ಈ ಕೊನೆಯ ಮಾತಿನಲ್ಲಿ ಅಡಗಿದೆ. ಇಲ್ಲಿ ಗಡಿಯೆಂದರೆ ಎರಡು ರಾಜ್ಯಗಳ ನಡುವಣ ಎಲ್ಲೆಯಲ್ಲ. ಬಿಳಿಯರ ವಸತಿ ಮುಗಿದು ಕಾಡು ಮೊದಲಾಗುವ ಅಂಚು. ಅದು ತಲೆಮಾರಿಗೊಮ್ಮೆ ಪಶ್ಚಿಮಕ್ಕೆ ಸರಿಯುತ್ತಿದ್ದಿತು. ಲಿಂಕನ್ನರೂ ಅದರ ಹಿಂದೆಯೇ ಸರಿಯುತ್ತಿದ್ದರು. ರಾಜಮಹಾರಾಜರ ವಂಶಾವಳಿಯು ಸೂರ್ಯಚಂದ್ರರಿಂದ ಮೊದಲಾಗಿ ಶಿಲೆಯ ಮೇಲೆ ಕೊರೆಯಲ್ಪಟ್ಟಿರುವುದನ್ನು ನಾವು ನೋಡಿದ್ದೇವೆ. ಕಾಡು ಕಡಿದು ಮುಸುಕಿನ ಜೋಳ ಬಿತ್ತಿದವನಿಗೆ ಶಾಸನ ಬರೆಯುವವರಾರು? ಅವನು ಭೂಮಿ ಕೊಂಡಾಗ, ಮಾರಿದಾಗ, ಮದುವೆಯಾದಾಗ, ಸತ್ತಾಗ, ಹೀಗೆ ನಾಲ್ಕು ಸಂದರ್ಭಗಳಲ್ಲಿ ಮಾತ್ರ ಅವನ ಹೆಸರು ಕಚೇರಿಯ ಪುಸ್ತಕಕ್ಕೆ ಏರುವುದು. ಆ ಪುಸ್ತಕವಿರುವುದು ಕೌಂಟಿಯ ಕಚೇರಿಯಲ್ಲಿ. ಕೌಂಟಿಗಳೋ, ಜನ ಹೆಚ್ಚಿದಂತೆಲ್ಲ ಒಡೆದು ಹೊಸವಾಗುತ್ತಿದ್ದವು. ಮನುಷ್ಯನು ಕುಳಿತಲ್ಲಿಯೇ ಕುಳಿತಿದ್ದರೂ ಅವನ ಕೌಂಟಿ ಬದಲಾಗಬಹುದು. ಲಿಂಕನ್ನನು 1809ರಲ್ಲಿ ಹುಟ್ಟಿದ ಸ್ಥಳ ಆಗ ಹಾರ್ಡಿನ್ ಕೌಂಟಿಯಲ್ಲಿದ್ದಿತು. 1843ರಿಂದೀಚೆಗೆ ಅದು ಲರೂ ಕೌಂಟಿಗೆ ಸೇರಿದೆ. ಎಲ್ಲಿ ಹುಡುಕಬೇಕೆಂದು ತಿಳಿಯದವನಿಗೆ ಇರುವ ಕಾಗದವೂ ಇಲ್ಲದಂತೆಯೇ.

ಮೊದಲು ತಾತನ ಮರಣದ ಸಂಗತಿಯನ್ನು ನೋಡೋಣ. ತಂದೆಯೊಡನೆ ಮೂವರು ಗಂಡುಮಕ್ಕಳು ಹೊಲದಲ್ಲಿದ್ದರು. ಕಾಡಿನಂಚಿನಿಂದ ಹಾರಿದ ಗುಂಡಿಗೆ ತಂದೆ ಬಿದ್ದನು. ನಡುವಿನವನಾದ ಜೊಸೈಯನು ಸಹಾಯಕ್ಕಾಗಿ ಕೋಟೆಯ ಕಡೆಗೆ ಓಡಿದನು. ಹಿರಿಯ ಮಗ ಮಾರ್ಡೆಕೈಯು ಗುಡಿಸಲಿಗೆ ನುಗ್ಗಿ ಬಂದೂಕನ್ನು ತೆಗೆದುಕೊಂಡನು. ಕಿರಿಯವನಾದ ಥಾಮಸನು ಹೆಣದ ಬಳಿಯಲ್ಲಿಯೇ ಉಳಿದನು. ಅವನನ್ನು ಎತ್ತಿಕೊಂಡು ಹೋಗಲು ಬಂದ ಇಂಡಿಯನ್ನನನ್ನು ಅಣ್ಣನು ಗುಡಿಸಲಿನೊಳಗಿನಿಂದಲೇ ಗುರಿಯಿಟ್ಟು ಹೊಡೆದನು. ಆ ಗುಂಡು ತಪ್ಪಿದ್ದರೆ ಲಿಂಕನ್ನನ ಜನನವೇ ಇಲ್ಲ. ತಂದೆಯ ಬಾಯಿಂದ ಕೇಳಿದ ಈ ಕಥೆಯು ತನ್ನ ಮನಸ್ಸಿನಲ್ಲಿ ಬೇರೆಲ್ಲಕ್ಕಿಂತ ಆಳವಾಗಿ ಅಚ್ಚೊತ್ತಿದೆಯೆಂದು ಆತನು 1854ರ ಒಂದು ಕಾಗದದಲ್ಲಿ ತಿಳಿಸಿದ್ದಾನೆ.

ಆದರೂ ಇಸವಿ ತಪ್ಪಿತು. ಎರಡು ವರ್ಷಗಳ ಮೇಲೆ ಎಂದರೆ 1784. ತಾತನಿಗಾಗಿ ಲಾಂಗ್ ರನ್ ಎಂಬ ಹಳ್ಳದ ಬಳಿ 400 ಎಕರೆಯನ್ನು ಮೋಜಣಿ ಮಾಡಿದ ದಾಖಲೆಯೊಂದುಂಟು. ಅದರ ತಾರೀಖು 1785ನೆಯ ಮೇ 7. ಸತ್ತವನಿಗೆ ಹೊಲವನ್ನಳೆಯುವ ಪದ್ಧತಿ ಎಲ್ಲಿಯೂ ಇಲ್ಲವಷ್ಟೆ. ಬೇರೆ ಕಾಗದಗಳನ್ನೂ ನೋಡಿ ಆ ಮರಣವು 1786ರಲ್ಲಾಯಿತೆಂದು ನಿರ್ಧರಿಸಿದ್ದಾರೆ. ಮೋಜಣಿಯ ಕಾಗದದಲ್ಲಿ ಹೆಸರು ಲಿಂಕನ್ ಎಂದೂ ಇಲ್ಲ, 'ಲಿಂಕ್‌ಹಾರ್ನ್' ಎಂದಿದೆ. ಕಿವಿಗೆ ಬಿದ್ದಂತೆ ಬರೆದುಕೊಳ್ಳುವ ಗುಮಾಸ್ತರು ಎಲ್ಲ ದೇಶದಲ್ಲಿಯೂ ಇದ್ದಾರೆ. ಬಾಯಿಮಾತಿನ ಕಥೆಯು ಚಿತ್ರವನ್ನು ಉಳಿಸಿಕೊಂಡು ಇಸವಿಯನ್ನು ಮರೆಯುತ್ತದೆ. ಕಚೇರಿಯ ಕಾಗದವು ಇಸವಿಯನ್ನು ಉಳಿಸಿಕೊಂಡು ಹೆಸರನ್ನು ಕೆಡಿಸುತ್ತದೆ. ವಂಶಾವಳಿಯನ್ನು ಹುಡುಕುವವನಿಗೆ ಎರಡೂ ಬೇಕು.

ಮರಣದ ಈ ಇಸವಿಗೆ ಇನ್ನೊಂದು ಮಹತ್ವವುಂಟು. ಕೆಂಟಕಿಯು ಆಗ ವರ್ಜೀನಿಯಕ್ಕೇ ಸೇರಿದ್ದಿತು. ಉಯಿಲಿಲ್ಲದೆ ಸತ್ತವನ ಭೂಮಿಯು ಹಿರಿಯ ಮಗನಿಗೇ ಸೇರತಕ್ಕದ್ದೆಂಬ ಹಳೆಯ ನಿಯಮವು ಅಲ್ಲಿ ನಿಂತುದು 1787ನೆಯ ಜನವರಿಯಿಂದ. ಕೆಲವು ತಿಂಗಳುಗಳ ಅಂತರದಲ್ಲಿ ಭೂಮಿ ಮಾರ್ಡೆಕೈಗೆ ಹೋಯಿತು. ಥಾಮಸನು ಕೂಲಿಮಾಡಿಕೊಂಡು ಅಲೆದು, ಬಡಗಿಯ ಕೆಲಸ ಕಲಿತನು. ಓದುಬರೆಹವಿಲ್ಲದ ತಂದೆಯೆಂದು ಮಗನು ಬರೆದುದರ ಹಿಂದೆ ಇದೂ ಇದೆ. ಇನ್ನು, ಗುಂಡು ಹಾರಿಸಿದ ಜನ: ಇಂಡಿಯನ್ನರೆಂದು ಕಾಗದಗಳು ಹೆಸರಿಸುವ ಆ ನಾಡಿನ ಮೂಲನಿವಾಸಿಗಳು. ತಮ್ಮ ಬೇಟೆಯ ಕಾಡನ್ನು ಎಕರೆಗಳಾಗಿ ಅಳೆಯುವುದನ್ನು ಕಂಡು ರೊಚ್ಚಿಗೆದ್ದವರು. ಹೊಲದ ಬದಿಯಲ್ಲಿ ಬಿದ್ದ ಆ ಮನುಷ್ಯನ ಹೆಸರನ್ನಾಗಲಿ ತಂದೆತಾಯಿಗಳನ್ನಾಗಲಿ ಯಾವ ಕೌಂಟಿಯ ಪುಸ್ತಕವೂ ಬರೆದುಕೊಳ್ಳಲಿಲ್ಲ. ನಾವು ಇಲ್ಲಿ ಹೇಳುತ್ತಿರುವುದು ಉಳಿದ ಕಾಗದಗಳ ಕಥೆ. ಆ ನೆಲದ ಪೂರ್ತಿ ಕಥೆಯಲ್ಲ.

ಇನ್ನು ತಾತನಿಂದ ಹಿಂದಕ್ಕೆ ಹೋಗೋಣ. 1859ರಲ್ಲಿ ಬರೆದ ತನ್ನ ಸಂಕ್ಷಿಪ್ತ ಚರಿತ್ರೆಯಲ್ಲಿ ಲಿಂಕನ್ನನು, ತನ್ನ ಮನೆತನವನ್ನು ನ್ಯೂ ಇಂಗ್ಲೆಂಡಿನ ಲಿಂಕನ್ನರೊಡನೆ ಸೇರಿಸಲು ಮಾಡಿದ ಯತ್ನವು ಮಾರ್ಡೆಕೈ, ಸಾಲೊಮನ್, ಅಬ್ರಹಾಂ ಮುಂತಾದ ಹೆಸರುಗಳು ಎರಡು ಕಡೆಗಳಲ್ಲಿಯೂ ಇವೆಯೆಂಬಲ್ಲಿಗೆ ನಿಂತಿತೆಂದು ಹೇಳುತ್ತಾನೆ. ವಕೀಲನಾದುದರಿಂದ ಹೆಸರಿನ ಹೋಲಿಕೆಯೇ ಸಾಕ್ಷ್ಯವಲ್ಲವೆಂಬುದನ್ನು ಬಲ್ಲನು. ಸಾಕ್ಷ್ಯವಾದರೋ ಎರಡು ಕಚೇರಿಗಳಲ್ಲಿ ಹರಿದುಹಂಚಿ ಬಿದ್ದಿದ್ದಿತು. ಪೆನ್ಸಿಲ್ವೇನಿಯದಲ್ಲಿ, ಇಂದಿನ ಬರ್ಕ್ಸ್ ಕೌಂಟಿಯಲ್ಲಿ, ಮಾರ್ಡೆಕೈ ಲಿಂಕನ್ ಎಂಬವನೊಬ್ಬನು 1736ರಲ್ಲಿ ತೀರಿಕೊಂಡನು. ಬರ್ಕ್ಸ್ ಕೌಂಟಿಯು ಹುಟ್ಟಿದುದೇ 1752ರಲ್ಲಿ. ಆದುದರಿಂದ ಅವನ ಉಯಿಲಿಗಾಗಿ ಫಿಲಡೆಲ್ಫಿಯಕ್ಕೆ ಹೋಗಬೇಕು. ಆ ಉಯಿಲಿನಲ್ಲಿ ಜಾನ್ ಎಂಬ ಮಗನಿಗೆ ನ್ಯೂ ಜೆರ್ಸಿಯ 300 ಎಕರೆ ಬರೆದಿದೆ. ಕೆಲವು ವರ್ಷಗಳ ಮೇಲೆ ಪೆನ್ಸಿಲ್ವೇನಿಯದ ಜಾನ್ ಲಿಂಕನ್ ಎಂಬ ನೇಕಾರನು, ತನ್ನ ತಂದೆ ಮಾರ್ಡೆಕೈಯದಾಗಿದ್ದ ಅದೇ ಭೂಮಿಯನ್ನು ಮಾರಿದ ಕ್ರಯಪತ್ರವುಂಟು. ಈ ಜಾನನು 1768ರಲ್ಲಿ ವರ್ಜೀನಿಯದ ಲಿನ್‌ವಿಲ್ ಹಳ್ಳದ ಬಳಿ ನೆಲೆಸಿದನು. ಆ ಸ್ಥಳವೇ ಅನಂತರ, 1778ರಲ್ಲಿ, ರಾಕಿಂಗ್‌ಹ್ಯಾಮ್ ಕೌಂಟಿಗೆ ಸೇರಿದುದು. ಆತನ ಮಗನೇ ಹೊಲದಲ್ಲಿ ಹತನಾದ ಅಬ್ರಹಾಂ. ಬರ್ಕ್ಸಿನಲ್ಲಿ ಇವರ ನೆರೆಯವರು ಕೆಂಟಕಿಗೆ ದಾರಿ ಕಡಿದ ಡೇನಿಯಲ್ ಬೂನನ ಮನೆತನದವರು. ಜಾನನ ಮಲತಮ್ಮನೊಬ್ಬನು 1760ರಲ್ಲಿ ಬೂನರ ಹೆಣ್ಣನ್ನು ಮದುವೆಯಾದನು. ನೆರೆಯವರಲ್ಲಿ ಕ್ವೇಕರರಿದ್ದುದರಿಂದ, ಮುತ್ತಾತನು ಕ್ವೇಕರನೆಂಬ ಮಾತು ಎಲ್ಲಿ ಹುಟ್ಟಿರಬಹುದೆಂಬುದನ್ನೂ ಊಹಿಸಬಹುದು.

ಆ ಹಿರಿಯ ಮಾರ್ಡೆಕೈಯ ತಂದೆಯೂ ಮಾರ್ಡೆಕೈಯೇ, ಹಿಂಗಮಿನ ಕಮ್ಮಾರ. ಅವನ ತಂದೆ ಸ್ಯಾಮ್ಯುಯಲ್. ಈ ಎಳೆಯನ್ನು 1880ರ ದಶಕದಲ್ಲಿ ಸ್ಯಾಮ್ಯುಯಲ್ ಶ್ಯಾಕ್‌ಫರ್ಡನು ಕೂಡಿಸಿದನು. 1909ರಲ್ಲಿ ಲೀ ಮತ್ತು ಹಚಿನ್‌ಸನ್ ಎಂಬ ಇಬ್ಬರು ಅದನ್ನು ಇಂಗ್ಲೆಂಡಿನ ನಾರ್ಫಕ್ ಸೀಮೆಯ ಹಿಂಗಮಿನವರೆಗೂ ಒಯ್ದು ಗ್ರಂಥವನ್ನು ಹೊರಡಿಸಿದರು. ಸ್ಯಾಮ್ಯುಯಲನು 1622ರ ಆಗಸ್ಟಿನಲ್ಲಿ ದೀಕ್ಷಾಸ್ನಾನ ಪಡೆದವನು. 1637ರಲ್ಲಿ ಯಾರ್ಮತ್ ಬಂದರಿನಲ್ಲಿ ಹಡಗು ಹತ್ತುವವರ ಪಟ್ಟಿಯಲ್ಲಿ, ಫ್ರಾನ್ಸಿಸ್ ಲಾಸ್ ಎಂಬ ನೇಕಾರನ ಆಳು ಎಂದು ಅವನ ಹೆಸರಿದೆ. ಅಲ್ಲಿ 'ಲಿಂಕಾರ್ನ್' ಎಂದೂ ವಯಸ್ಸು 18 ಎಂದೂ ಬರೆದಿದೆ. ಲೆಕ್ಕಕ್ಕೆ ಹದಿನೈದೂ ತುಂಬಿರಲಾರದು. ಹುಡುಗನು ವಯಸ್ಸನ್ನು ಏರಿಸಿ ಹೇಳಿದನೋ, ಒಡೆಯನು ಏರಿಸಿದನೋ!

ಸಾಲೊಮನ್ನನ ಕಾಗದ ಬಂದ ವರ್ಷವೇ, ಸೆಪ್ಟೆಂಬರ್ ತಿಂಗಳಲ್ಲಿ, ಲಿಂಕನ್ನನು ರಾಜಕೀಯ ಭಾಷಣಕ್ಕಾಗಿ ಮಸಾಚುಸೆಟ್ಸಿನ ವೂಸ್ಟರಿಗೆ ಹೋದನು. ಆ ಸಂಸ್ಥಾನದ ಗವರ್ನರಾಗಿದ್ದ ಲೆವಿ ಲಿಂಕನ್ನನು ಆತನನ್ನು ತನ್ನ ಮನೆಗೆ ಊಟಕ್ಕೆ ಕರೆದನು. ಒಂದೇ ಹೆಸರಿನವರೆಂದು ಇಬ್ಬರೂ ವಿನೋದವಾಡಿದರು. ಇಬ್ಬರೂ ಆ ನೇಕಾರನ ಆಳಿನ ಸಂತತಿಯೆಂಬುದು ಅತಿಥಿಗೂ ತಿಳಿಯದು, ಆತಿಥೇಯನಿಗೂ ತಿಳಿಯದು.

ಗಂಡಸರ ಸಾಲು ಹೀಗೆ ಕೂಡಿಬಂದಿತು. ಹೆಂಗಸರ ಕಡೆಗೆ ತಿರುಗಿದರೆ ದಾರಿ ಕಡಿದಾಗುತ್ತದೆ. ಭೂಮಿ ಅವರ ಹೆಸರಿನಲ್ಲಿಲ್ಲ. ಮದುವೆಯಾದರೆ ಹೆಸರೂ ಉಳಿಯದು. ಲಿಂಕನ್ನನ ತಾಯಿ ನ್ಯಾನ್ಸಿ ಹ್ಯಾಂಕ್ಸ್. ಮಗನಿಗೆ ಒಂಬತ್ತು ವರ್ಷವಾಗಿದ್ದಾಗ, 1818ರಲ್ಲಿ, ಇಂಡಿಯಾನದ ಕಾಡಿನಲ್ಲಿ, ವಿಷದ ಗಿಡ ಮೇದ ಹಸುವಿನ ಹಾಲಿನಿಂದ ಬರುವ ರೋಗಕ್ಕೆ ತುತ್ತಾದಳು. ಆಕೆಯ ಮದುವೆಯ ದಾಖಲೆಯೇ ಬಹುಕಾಲ ಸಿಕ್ಕಿರಲಿಲ್ಲ. ಥಾಮಸನ ಎರಡನೆಯ ಮದುವೆ, 1819ರದು, ಹಾರ್ಡಿನ್ ಕೌಂಟಿಯ ಪುಸ್ತಕದಲ್ಲಿದ್ದಿತು, ಮೊದಲನೆಯದು ಅಲ್ಲಿರಲಿಲ್ಲ. ಇಷ್ಟೇ ಸಾಕಾಯಿತು. ಮದುವೆಯೇ ಆಗಿರಲಿಲ್ಲವೆಂದೂ ಲಿಂಕನ್ನನು ಬೇರೊಬ್ಬನ ಮಗನೆಂದೂ ಪಿಸುಮಾತು ಹಬ್ಬಿತು. ರಾಜಕೀಯ ವೈರಿಗಳಿಗೆ ಅದು ಹಬ್ಬದೂಟ. ಸತ್ತವಳು ಬಂದು ಸಾಕ್ಷಿ ಹೇಳಲಾರಳು. ಕೊನೆಗೆ 1878ರಲ್ಲಿ ಕೆಂಟಕಿಯ ವಾಷಿಂಗ್ಟನ್ ಕೌಂಟಿಯ ಕಚೇರಿಯಲ್ಲಿ ಕಾಗದಗಳು ಸಿಕ್ಕಿದವು: ಥಾಮಸನು ರಿಚರ್ಡ್ ಬೆರಿ ಎಂಬವನೊಡನೆ 50 ಪೌಂಡಿಗೆ ಬರೆದುಕೊಟ್ಟ ವಿವಾಹದ ಮುಚ್ಚಳಿಕೆ, ಮತ್ತು ಜೆಸಿ ಹೆಡ್ ಎಂಬ ಪಾದ್ರಿಯು ತಾನು ಮಾಡಿಸಿದ ಮದುವೆಗಳ ಪಟ್ಟಿ. ಅದರಲ್ಲಿ 1806ನೆಯ ಜೂನ್ 12ಕ್ಕೆ ಇವರ ಹೆಸರು. ಗಂಡನ ಊರಿನಲ್ಲಿ ಹುಡುಕಿದ್ದರು. ಕಾಗದವು ಹೆಣ್ಣಿನ ಕಡೆಯ ಕೌಂಟಿಯಲ್ಲಿದ್ದಿತು. ಲಿಂಕನ್ನನು ಸತ್ತು ಆಗ ಹದಿಮೂರು ವರ್ಷ.

ಆದರೆ ನ್ಯಾನ್ಸಿ ಯಾರ ಮಗಳು? 1899ರಲ್ಲಿ ಕ್ಯಾರೊಲೈನ್ ಹಿಚ್‌ಕಾಕ್ ಎಂಬ ಮಹಿಳೆಯು ಉತ್ತರ ಸಿಕ್ಕಿತೆಂದು ಪುಸ್ತಕವನ್ನು ಪ್ರಕಟಿಸಿದಳು. ಕೆಂಟಕಿಯ ನೆಲ್ಸನ್ ಕೌಂಟಿಯಲ್ಲಿ ಜೋಸೆಫ್ ಹ್ಯಾಂಕ್ಸ್ ಎಂಬವನು 1793ರಲ್ಲಿ ಬರೆಯಿಸಿದ ಉಯಿಲು ಸಿಕ್ಕಿದ್ದಿತು. ಗಂಡುಮಕ್ಕಳಿಗೆ ತಲೆಗೊಂದು ಕುದುರೆ, ಹೆಣ್ಣುಮಕ್ಕಳಿಗೆ ತಲೆಗೊಂದು ಕಡಸು. ಕಡಸುಗಳಿಗೆ ಹೆಸರೂ ಉಂಟು. ನ್ಯಾನ್ಸಿಯೆಂಬ ಮಗಳಿಗೆ ಬಂದ ಕಡಸಿನ ಹೆಸರು ಪೀಡಿ. ಹೆಸರು ಹೊಂದಿತು, ಕಾಲ ಹೊಂದಿತು, ಮರ್ಯಾದಸ್ಥ ತಂದೆಯೂ ಸಿಕ್ಕಿದನು! ನಾವು ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಹೇಳುವುದುಂಟು: ಹಾರೈಸಿದ ಉತ್ತರವು ಬೇಗ ಸಿಕ್ಕಿದರೆ ಇನ್ನೊಮ್ಮೆ ಹುಡುಕಬೇಕು. 1920ರ ದಶಕದಲ್ಲಿ ವಿಲಿಯಂ ಬಾರ್ಟನ್ ಎಂಬ ಪಾದ್ರಿಯು ಇನ್ನೊಮ್ಮೆ ಹುಡುಕಿದನು. ಕಡಸು ಪಡೆದ ನ್ಯಾನ್ಸಿಯು ಅನಂತರ ಲೆವಿ ಹಾಲ್ ಎಂಬವನ ಹೆಂಡತಿಯಾದಳೆಂದು ತಿಳಿಯಬಂದಿತು. ಲಿಂಕನ್ನನ ತಾಯಿ ಬೇರೆ ನ್ಯಾನ್ಸಿ. ಬಾರ್ಟನ್ನನ ಮತದಲ್ಲಿ ಇವಳು ಜೋಸೆಫನ ಇನ್ನೊಬ್ಬ ಮಗಳಾದ ಲ್ಯೂಸಿಗೆ ಮದುವೆಗೆ ಮುಂಚೆ ಹುಟ್ಟಿದವಳು.

ಈ ಮಾತು ಹೊಸದಲ್ಲ. ತನ್ನ ತಾಯಿಯು ಲ್ಯೂಸಿ ಹ್ಯಾಂಕ್ಸಳ ವಿವಾಹಬಾಹಿರ ಸಂತಾನವೆಂದು ಲಿಂಕನ್ನನೇ ಒಮ್ಮೆ ಗಾಡಿಯಲ್ಲಿ ಹೋಗುತ್ತ ತನಗೆ ಹೇಳಿದನೆಂದು ಆತನ ಪಾಲುಗಾರ ವಕೀಲ ಹರ್ನ್‌ಡನ್ ಬರೆದಿದ್ದನು. ಅನೇಕರಿಗೆ ಅದು ಸಹಿಸಲಿಲ್ಲ. ಲೂಯಿ ವಾರೆನ್ ಮೊದಲಾದ ವಿದ್ವಾಂಸರು, ಲ್ಯೂಸಿಯು ಹುಟ್ಟಿನಿಂದ ಶಿಪ್ಲಿ ಮನೆತನದವಳು, ಹ್ಯಾಂಕ್ಸ್ ಮನೆಗೆ ಸೊಸೆಯಾಗಿ ಬಂದು ವಿಧವೆಯಾದವಳು ಎಂದು ವಾದಿಸಿದರು. ಕಾಗದಗಳು ಎರಡು ಕಡೆಗೂ ಎಳೆಯುತ್ತಿದ್ದವು. ಕಾಗದದಿಂದ ತೀರದ ವ್ಯಾಜ್ಯವು ರಕ್ತದ ಸಾಕ್ಷ್ಯಕ್ಕೆ ಹೋಯಿತು. ನಮ್ಮ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಕಣಗಳುಂಟು. ಅವುಗಳ ಆನುವಂಶಿಕ ಗುರುತು ತಾಯಿಯಿಂದಲೇ ಬರುತ್ತದೆ. ಮಗಳ ಮೂಲಕವೇ ಮುಂದಕ್ಕೆ ಸಾಗುತ್ತದೆ. ನ್ಯಾನ್ಸಿಯ ಹೆಣ್ಣು ಸಂತತಿಯಾದರೋ ಉಳಿದಿಲ್ಲ: ಒಬ್ಬಳೇ ಮಗಳು ಸಾರಾ 1828ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಆದುದರಿಂದ ಲ್ಯೂಸಿಯು ಹೆನ್ರಿ ಸ್ಪ್ಯಾರೊವನ್ನು ಮದುವೆಯಾದ ಮೇಲೆ ಹೆತ್ತ ಹೆಣ್ಣುಮಕ್ಕಳ ಸಂತತಿಯನ್ನೂ, ಜೋಸೆಫನ ಹೆಂಡತಿ ಆನಳ ಬೇರೆ ಹೆಣ್ಣುಮಕ್ಕಳ ಸಂತತಿಯನ್ನೂ, ಶಿಪ್ಲಿ ಹೆಂಗಸರ ಸಂತತಿಯನ್ನೂ ಹುಡುಕಿ ತೆಗೆದು ಪರೀಕ್ಷಿಸಿದರು. 2015ರಲ್ಲಿ ಫಲಿತಾಂಶ ಹೊರಬಂದಿತು. ಮೊದಲೆರಡು ಹೊಂದಿದವು, ಶಿಪ್ಲಿಯವರದು ಹೊಂದಲಿಲ್ಲ. ಲ್ಯೂಸಿಯು ಹ್ಯಾಂಕ್ಸರ ಮನೆಯ ಮಗಳೇ, ಸೊಸೆಯಲ್ಲ. ಗಾಡಿಯಲ್ಲಿ ಆಡಿದ ಮಾತು ನಿಂತಿತು. ನ್ಯಾನ್ಸಿಯ ತಂದೆ ಯಾರೆಂಬುದನ್ನು ಈ ಪರೀಕ್ಷೆ ಹೇಳಲಾರದು. ವಂಶವೃಕ್ಷದಲ್ಲಿ ಆ ಸ್ಥಳ ತೆರವಾಗಿಯೇ ಇದೆ.

ಜೋಸೆಫ್ ಹ್ಯಾಂಕ್ಸನ ಉಯಿಲನ್ನು ಮತ್ತೊಮ್ಮೆ ತೆರೆದು ನೋಡಿದರೆ ಅದರಲ್ಲಿ ಎಂಟು ಮಕ್ಕಳ ಹೆಸರಿದೆ, ಐದು ಗಂಡು, ಮೂರು ಹೆಣ್ಣು. ಲ್ಯೂಸಿಯ ಹೆಸರಿಲ್ಲ. ಆಗಲೇ ಮದುವೆಯಾಗಿ ಬೇರೆ ಮನೆ ಸೇರಿದ್ದಳೆಂದು ಕೆಲವರು ಸಮಾಧಾನ ಹೇಳುತ್ತಾರೆ. ತಂದೆಯ ಮುನಿಸು ಹೋಗಿರಲಿಲ್ಲವೆಂದು ಬಾರ್ಟನ್ನನ ಊಹೆ. ಅಂತೂ ಆ ಮನೆಯ ಕಡಸುಗಳಲ್ಲಿ ಅವಳ ಪಾಲಿಗೆ ಬಂದುದು ಯಾವುದೂ ಇಲ್ಲ.